ಕೊನೆಯ ಎಂಟು ಕುಣಿಕೆ

ಮೊದಲ ಸಲ ಆ ಗೊಂಬೆಯನ್ನು ಕಂಡಾಗ, ಯಾರೋ ಅರ್ಧ ಮಾಡಿ ಎದ್ದು ಹೋಗಿದ್ದಾರೆ ಎಂದುಕೊಂಡೆ. ಮೂಗಿಲ್ಲ, ಹುಬ್ಬಿಲ್ಲ. ಕಣ್ಣಿರಬೇಕಾದ ಕಡೆ ನೀಲಿ ದಾರದ ಎರಡು ಚುಕ್ಕೆ, ಬಾಯಿಯ ಜಾಗದಲ್ಲಿ ಕೆಂಪು ದಾರದ ಒಂದು ಸಣ್ಣ ಗೆರೆ. ಅಳುತ್ತಿದೆಯೋ ನಗುತ್ತಿದೆಯೋ ಹೇಳಲು ಬರುವಂತಿಲ್ಲ. ಉಡುಪಿಯ ಅಂಗಡಿಗಳ ಮುಂದೆ ನೇತಾಡುವ ಪ್ಲಾಸ್ಟಿಕ್ ಗೊಂಬೆಗಳು ಮಲಗಿಸಿದರೆ ಕಣ್ಣಾದರೂ ಮುಚ್ಚುತ್ತಿದ್ದವು. ಇದು ಏನೂ ಮಾಡದೆ ನನ್ನನ್ನೇ ನೋಡುತ್ತಿತ್ತು.

"ಚಂದ ಉಂಟಾ?" ಎಂದು ಮೇಡಂ ಕೇಳಿದರು.

"ತುಂಬಾ ಚಂದ ಉಂಟು" ಎಂದೆ. ಸುಳ್ಳು ನನ್ನ ಬಾಯಿಗೆ ಬೇಗ ಬರುತ್ತದೆ. ಮುಂದೆ ನಡೆದದ್ದೆಲ್ಲ ಇನ್ನೊಂದು ಸುಳ್ಳಿನಿಂದಲೇ ಆದದ್ದರಿಂದ ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಅದು ತೊಂಬತ್ತರ ದಶಕದ ಕೊನೆ. ಮೇಡಂ ಜರ್ಮನಿಯವರು. ಅವರ ಗಂಡ ಎರಡು ವರ್ಷ ಪಾಠ ಮಾಡಲೆಂದು ಮಣಿಪಾಲಕ್ಕೆ ಬಂದಿದ್ದರು. ನಾನು ಉಡುಪಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆ. ನನ್ನ ಗಂಡ ಬಸ್ಸಿನ ಕಂಡಕ್ಟರ್. ಮನೆಯಲ್ಲಿ ಕೂತದ್ದಕ್ಕಿಂತ ಬಸ್ಸಿನ ಬಾಗಿಲಲ್ಲಿ ನಿಂತದ್ದೇ ಹೆಚ್ಚು. ನಾನು ಸೀರೆಗೆ ಫಾಲ್ ಹಚ್ಚಿ, ರವಿಕೆಗೆ ಹುಕ್ ಹಾಕಿ ದಿನ ಕಳೆಯುತ್ತಿದ್ದೆ. ಅದರ ಜೊತೆಗೆ ನನಗೊಂದು ಹುಚ್ಚಿತ್ತು, ವುಲನ್ ಹೆಣೆಯುವುದು. ಫ್ಯಾನಿನ ಅಡಿಯಲ್ಲಿ ಕೂತರೂ ಬೆವರಿಳಿಯುವ ಊರಿನಲ್ಲಿ ಸ್ವೆಟರ್ ಹೆಣೆಯುವವಳನ್ನು ಜನ ಏನೆಂದು ಕರೆಯಬೇಕು? ನೆರೆಮನೆಯವರು ಕರೆಯುವುದನ್ನು ನನ್ನ ಬೆನ್ನ ಹಿಂದೆ ಕರೆಯುತ್ತಿದ್ದರು. ನೂಲಿನ ಅಂಗಡಿಗೆ ಹೋದ ಮೇಡಂ, ಇಲ್ಲಿ ಹೆಣೆಯಲು ಯಾರಿಗೆ ಬರುತ್ತದೆ ಎಂದು ವಿಚಾರಿಸಿದಾಗ ಅಂಗಡಿಯವರು ನನ್ನ ಮನೆಯ ದಾರಿ ತೋರಿಸಿದರಂತೆ. ಏಪ್ರಿಲ್ ತಿಂಗಳಲ್ಲಿ ವುಲನ್ ಕೊಳ್ಳುವ ಗಿರಾಕಿ ಅವರಿಗೆ ನಾನೊಬ್ಬಳೇ.

ಹೆಣಿಗೆ ಕಲಿತದ್ದು ಕಾರ್ಕಳದಲ್ಲಿ. ನಮ್ಮದು ಕಾಪುವಿನ ಕಡಲ ಬದಿಯ ಮನೆ. ಅಮ್ಮ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ ಮಾರಿ ಬರುತ್ತಿದ್ದಳು. ಶಾಲೆಗೆ ರಜೆ ಇದ್ದಾಗ ನನ್ನನ್ನೂ ಕರೆದುಕೊಂಡು ಹೋಗಿ, ಪೇಟೆಯಲ್ಲಿ ಅಂಡಲೆಯುವುದು ಬೇಡವೆಂದು ಸಿಸ್ಟರ್‌ಗಳು ನಡೆಸುತ್ತಿದ್ದ ಟೈಲರಿಂಗ್ ಕ್ಲಾಸಿನಲ್ಲಿ ಬಿಡುತ್ತಿದ್ದಳು. ಅಲ್ಲಿ ಒಬ್ಬ ವಯಸ್ಸಾದ ಸಿಸ್ಟರ್, ಸೀದಾ ಒಂದು, ಉಲ್ಟಾ ಒಂದು ಎಂದು ಎಣಿಸುತ್ತ ನನ್ನ ಕೈಗೆ ಎರಡು ಕಡ್ಡಿ ಹಿಡಿಸಿದರು. ಕಲಿತ ಮೇಲೆ ಬಿಡಲಾಗಲಿಲ್ಲ.

ಮೇಡಂ ಹೇಳಿಕೊಟ್ಟದ್ದು ಬೇರೆಯೇ ವಿದ್ಯೆ. ಆ ಗೊಂಬೆಗೆ ವಾಲ್ಡಾರ್ಫ್ ಗೊಂಬೆ ಎಂದು ಹೆಸರು. ಮಿಷನ್ನು ಮುಟ್ಟುವಂತಿಲ್ಲ, ಎಲ್ಲವೂ ಕೈಯಲ್ಲೇ ಆಗಬೇಕು. ಒಳಗೆ ತುಂಬುವುದು ಕುರಿಯ ಉಣ್ಣೆ; ಹತ್ತಿಯೂ ಆಗದು, ಸ್ಪಂಜೂ ಆಗದು. ಉಡುಪಿಯಲ್ಲಿ ಕುರಿಯ ಉಣ್ಣೆ ಎಲ್ಲಿಂದ ತರುವುದು? ಮೇಡಂ ಮನೆಯ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಕಲ್ಲು ಹೊರಲು ಬಂದಿದ್ದ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಊರಿಗೆ ಹೋದಾಗ ಒಂದು ಚೀಲ ತಂದುಕೊಟ್ಟಳು. "ಕಂಬಳಿ ನೇಯೋ ತುಪ್ಪಟದಾಗ ಗೊಂಬಿ ಮಾಡ್ತೀರೇನ್ರೀ ಅಕ್ಕಾರ?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಅದನ್ನು ತೊಳೆದು, ಒಣಗಿಸಿ, ಹಿಂಜುವಷ್ಟರಲ್ಲಿ ನನ್ನ ಮನೆಯೆಲ್ಲ ಕುರಿಯ ವಾಸನೆ. ಮೀನಿನ ವಾಸನೆಯಲ್ಲಿ ಬೆಳೆದ ನನಗೂ ತಲೆ ಸುತ್ತಿತು.

ಉಣ್ಣೆಯನ್ನು ಬಿಗಿಯಾಗಿ ಉಂಡೆ ಕಟ್ಟಿ, ಬನಿಯನ್ ಬಟ್ಟೆಯ ಕೊಳವೆಯೊಳಗೆ ತುರುಕಿ, ಕುತ್ತಿಗೆಯಲ್ಲಿ ಗಂಟು ಹಾಕಬೇಕು. ಆಮೇಲೆ ಗಟ್ಟಿ ದಾರವನ್ನು ಉಂಡೆಯ ನಡುವಿಗೆ ಸುತ್ತಿ ಎಳೆಯಬೇಕು. "ಇನ್ನೂ ಗಟ್ಟಿ, ಅಕ್ಕ, ಇನ್ನೂ ಗಟ್ಟಿ" ಎಂದು ಮೇಡಂ ಹೇಳುತ್ತಿದ್ದರು. ಬೆರಳು ಕೊಯ್ಯುವವರೆಗೆ ಎಳೆದರೆ ದಾರದ ಸಾಲಿನಲ್ಲಿ ತಗ್ಗು ಬೀಳುತ್ತದೆ, ಅದರ ಮೇಲೆ ಹಣೆ ಉಬ್ಬುತ್ತದೆ, ಕೆಳಗೆ ಕೆನ್ನೆ ಏಳುತ್ತದೆ. ಈಗಷ್ಟೇ ಬಟ್ಟೆಯ ಉಂಡೆಯಾಗಿದ್ದದ್ದು ಪಕ್ಕದಿಂದ ನೋಡಿದರೆ ಥೇಟು ಮಗುವಿನ ತಲೆ. ಮೊದಲ ಸಲ ಅದನ್ನು ಕಂಡಾಗ ನಾನು ನೀರು ಕುಡಿದು ಬರುತ್ತೇನೆಂದು ಹೇಳಿ ಎದ್ದು ಅಡುಗೆಮನೆಗೆ ಹೋದೆ.

ಕಣ್ಣು ಬಾಯಿ ಯಾಕೆ ಅಷ್ಟು ಸಣ್ಣದು ಎಂದು ಒಮ್ಮೆ ಕೇಳಿದೆ. ಗೊಂಬೆ ನಗುತ್ತದೋ ಅಳುತ್ತದೋ ಆಡುವ ಮಗುವೇ ನಿರ್ಧಾರ ಮಾಡಬೇಕು, ನಾವು ಮಾಡಬಾರದು ಎಂದರು. ಅರ್ಥವಾದಂತೆ ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ. ಆದರೂ ಆ ವರ್ಷ ಐದು ಗೊಂಬೆ ಮಾಡಿದೆ, ಐದಕ್ಕೂ ಅಂಗಿ, ಚಡ್ಡಿ, ಸ್ವೆಟರ್ ಹೆಣೆದೆ. ಬೆರಳುದ್ದದ ತೋಳಿನ ಸ್ವೆಟರ್ ಹೆಣೆಯುವ ಸುಖ ದೊಡ್ಡವರ ಸ್ವೆಟರಿನಲ್ಲಿ ಇಲ್ಲ. ಮೇಡಂ ಅವನ್ನೆಲ್ಲ ತಮ್ಮ ಊರಿನ ಗೆಳತಿಯರ ಮಕ್ಕಳಿಗೆ ಕಳಿಸಿದರು. ಅಲ್ಲಿಯವರೆಗೆ ಎಲ್ಲ ಸುಸೂತ್ರ.

ಎರಡನೆಯ ವರ್ಷ ಮೇಡಂ ಬಸುರಿಯಾದರು. ಹೊಟ್ಟೆ ಕಾಣುವಂತಾದಾಗ ಒಂದು ದಿನ ನನ್ನನ್ನು ಕೂರಿಸಿಕೊಂಡು, ಆರನೆಯ ಗೊಂಬೆ ತಮ್ಮ ಮಗುವಿಗೆ ಬೇಕು ಎಂದರು. ಜೊತೆಗೆ ಮಗುವಿಗೊಂದು ವುಲನ್ ಟೊಪ್ಪಿ. ಹೆರಿಗೆಗೆ ತಾಯಿಯ ಊರಿಗೆ ಹೋಗುತ್ತಾರಂತೆ. ಹೊಟ್ಟೆ ತೀರಾ ದೊಡ್ಡದಾದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲವಂತೆ. ಅದಕ್ಕೆ ಎರಡು ತಿಂಗಳೊಳಗೆ ಎಲ್ಲವೂ ಆಗಬೇಕಿತ್ತು. "ಅಲ್ಲಿ ಚಳಿ. ನೀವು ಮಾಡಿದ ಟೊಪ್ಪಿ ಮೊದಲು ಹಾಕುತ್ತೇನೆ" ಎಂದು ನನ್ನ ಕೈ ಹಿಡಿದರು.

ನಾನು ಆಗಲಿ ಎಂದೆ. ಬಸ್ಸಿಳಿದು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ನನ್ನ ಬಾಯಿಗೆ ನಾನೇ ಬೈದುಕೊಂಡೆ.

ನಮ್ಮಲ್ಲಿ ಮಗು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ಮಾಡುವುದಿಲ್ಲ. ತೊಟ್ಟಿಲು ತರುವುದಿಲ್ಲ, ಬಟ್ಟೆ ಹೊಲಿಸುವುದಿಲ್ಲ. ಹುಟ್ಟಿದ ಮೇಲೆ ಅಜ್ಜಿಯ ಹಳೆಯ ಸೀರೆ ಹರಿದು ಸುತ್ತಿದರೆ ಆಯಿತು. ಇದಕ್ಕೆ ಯಾರೂ ಕಾರಣ ಕೇಳುವುದಿಲ್ಲ, ಹೇಳುವುದೂ ಇಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು ನಾನು ನನ್ನ ಮೊದಲ ಹೆರಿಗೆಗೆ ಕಾಪುವಿನ ಮನೆಗೆ ಹೋದಾಗ, ಅಮ್ಮ ಇದನ್ನೇ ಹೇಳಿದ್ದಳು. ಹೇಳಿದ್ದು ಕಿವಿಗೆ ಬಿದ್ದಿತ್ತು, ಕೈ ಕೇಳಬೇಕಲ್ಲ. ಅವಳು ಕಾರ್ಕಳಕ್ಕೆ ಹೋದ ಹೊತ್ತಿನಲ್ಲಿ ಕದ್ದು ಒಂದು ಹಳದಿ ಟೊಪ್ಪಿ ಹೆಣೆದೆ. ಅಳತೆ ಗೊತ್ತಿರಲಿಲ್ಲ; ಅಡುಗೆಮನೆಯಲ್ಲಿದ್ದ ಸುಲಿದ ತೆಂಗಿನಕಾಯಿಗೆ ಹಾಕಿ ಹಾಕಿ ನೋಡಿದೆ. ಕಾಯಿಯ ಜುಟ್ಟು ಒಳಗೆ ಹೋಗಿ ಟೊಪ್ಪಿ ಕೂತಾಗ ಒಬ್ಬಳೇ ನಕ್ಕೆ. ಮುಗಿಸಿ, ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಬಚ್ಚಿಟ್ಟೆ.

ಹದಿನೈದು ದಿನದ ಮೇಲೆ ಹೊಟ್ಟೆಯೊಳಗೆ ಚಲನೆ ನಿಂತಿತು. ಆಸ್ಪತ್ರೆಗೆ ಹೋಗುವಾಗಲೇ ಎದೆಬಡಿತ ಇರಲಿಲ್ಲ. ಹೆಣ್ಣು ಮಗು ಎಂದು ಆಮೇಲೆ ಯಾರೋ ಹೇಳಿದರು. ನನಗೆ ತೋರಿಸಲಿಲ್ಲ. ನೋಡಿದರೆ ಮರೆಯುವುದು ಕಷ್ಟ ಎಂದರು, ನಾನೂ ಹಟ ಮಾಡಲಿಲ್ಲ. ಹಟ ಮಾಡದೆ ಇದ್ದದ್ದಕ್ಕೆ ನನ್ನ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಮನೆಗೆ ಬಂದು ಟ್ರಂಕು ತೆಗೆದರೆ ಟೊಪ್ಪಿ ಇರಲಿಲ್ಲ. ಎಲ್ಲ ಸೀರೆ ಕೊಡವಿ ನೋಡಿದೆ. ಇಲಿ ಎಳೆದುಕೊಂಡು ಹೋಯಿತೋ? ಅಮ್ಮನಿಗೆ ಸಿಕ್ಕಿ ಒಲೆಗೆ ಹಾಕಿದಳೋ? ಕೇಳುವ ಹಾಗಿರಲಿಲ್ಲ. ಕೇಳಿದರೆ ಹೆಣೆದದ್ದನ್ನು ಒಪ್ಪಿಕೊಂಡಂತೆ. ಅಮ್ಮನೂ ಆ ಬಗ್ಗೆ ಒಂದು ಮಾತು ಎತ್ತಲಿಲ್ಲ. ನಾಲ್ಕು ವರ್ಷ ಅವಳ ಆ ಮೌನವನ್ನು ನಾನು ಬೈಗುಳವೆಂದೇ ತಿಳಿದಿದ್ದೆ. ನನ್ನ ಕೈಯಿಂದಲೇ ಆಯಿತೆಂದು ಒಂದು ದಿನ ನಂಬುತ್ತಿದ್ದೆ. ಮರುದಿನ, ನೂಲಿನ ಟೊಪ್ಪಿ ಎಲ್ಲಿಯ ಜೀವ ತೆಗೆಯುತ್ತದೆ, ಹುಚ್ಚಿ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎರಡೂ ದಿನ ನಾನು ಪೂರ್ತಿ ನಂಬಿದ್ದೇ ನಿಜ. ಇಂಥ ತಲೆಯನ್ನು ಹೊತ್ತುಕೊಂಡು ಇನ್ನೊಬ್ಬರ ಬಸಿರಿಗೆ ಟೊಪ್ಪಿ ಹೆಣೆಯಲು ಒಪ್ಪಿ ಬಂದಿದ್ದೆ.

ಗೊಂಬೆಯ ಮೈ ಬೇಗ ಆಯಿತು. ತಲೆ ಕಟ್ಟಿದೆ, ಕೈಕಾಲು ತುಂಬಿದೆ, ಕಂದು ನೂಲಿನ ಕೂದಲು ಒಂದೊಂದೇ ಎಳೆ ಹೊಲಿದೆ. ಕಣ್ಣಿನ ಸರದಿ ಬಂದಾಗ ಸೂಜಿ ನಿಂತಿತು. ಎಲ್ಲಿ ಹಾಕುವುದು? ಐದು ಗೊಂಬೆಗೆ ಕಣ್ಣಳತೆಯಲ್ಲೇ ಹಾಕಿದವಳಿಗೆ ಆರನೆಯದಕ್ಕೆ ಜಾಗ ಸಿಗಲಿಲ್ಲ. ಗುಂಡುಸೂಜಿ ಚುಚ್ಚುತ್ತಿದ್ದೆ, ತೆಗೆಯುತ್ತಿದ್ದೆ. ಸರಿ, ಕಣ್ಣು ಕೊನೆಗಾಗಲಿ ಎಂದು ಟೊಪ್ಪಿಗೆ ಕೈ ಹಾಕಿದೆ. ಮತ್ತೆ ಅದೇ ತೆಂಗಿನಕಾಯಿ ಅಳತೆ. ಬೇರೆ ಅಳತೆ ನನಗೆ ಗೊತ್ತಿರಲಿಲ್ಲ. ಈ ಸಲ ಬಿಳಿ ನೂಲು. ಟೊಪ್ಪಿಯನ್ನು ಅಂಚಿನಿಂದ ಶುರು ಮಾಡಿ ಮೇಲಕ್ಕೆ ಹೋದಂತೆ ಕುಣಿಕೆಗಳನ್ನು ಕಡಿಮೆ ಮಾಡುತ್ತ ಬರಬೇಕು. ಕೊನೆಗೆ ಕಡ್ಡಿಯ ಮೇಲೆ ಎಂಟು ಕುಣಿಕೆ ಉಳಿಯುತ್ತವೆ. ಅವುಗಳೊಳಗೆ ದಾರ ತೂರಿಸಿ ಎಳೆದರೆ ನೆತ್ತಿ ಮುಚ್ಚುತ್ತದೆ, ಟೊಪ್ಪಿ ಟೊಪ್ಪಿಯಾಗುತ್ತದೆ. ಎಂಟು ಕುಣಿಕೆಯವರೆಗೆ ಬಂದು ನಿಲ್ಲಿಸಿಬಿಟ್ಟೆ. ಮುಗಿಯದಿದ್ದರೆ ಅದು ಬಟ್ಟೆಯಲ್ಲ, ಬರೀ ನೂಲು. ಬರೀ ನೂಲಿಗೆ ಯಾವ ದೋಷವೂ ಇಲ್ಲ. ಹೀಗೆ ಯಾವ ದೇವರಿಗೆ ಲೆಕ್ಕ ತಪ್ಪಿಸಲು ಹೊರಟಿದ್ದೆನೋ ನನಗೇ ಗೊತ್ತಿಲ್ಲ.

ಮೇಡಂ ಕೇಳಿದಾಗಲೆಲ್ಲ ಒಂದೊಂದು ನೆಪ. ಕಡ್ಡಿ ಮುರಿಯಿತು. ಕರೆಂಟಿಲ್ಲ. ಮಳೆಗೆ ಉಣ್ಣೆ ಒಣಗುತ್ತಿಲ್ಲ. ಅವರು ಹೊರಡಲು ಒಂದು ವಾರ ಉಳಿದಾಗ ನೆಪಗಳ ಚೀಲ ಬರಿದಾಗಿ, ಫೋನ್ ಬೂತಿನಿಂದ, "ಅಮ್ಮನಿಗೆ ಜ್ವರ, ಹಾಸಿಗೆ ಹಿಡಿದಿದ್ದಾಳೆ, ಕಾಪುವಿಗೆ ಹೋಗ್ತಾ ಇದ್ದೇನೆ" ಎಂದುಬಿಟ್ಟೆ. ಸುಳ್ಳಿಗೂ ಒಂದು ಮರ್ಯಾದೆ ಇರಲೆಂದು ಗೊಂಬೆ, ಟೊಪ್ಪಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ನಿಜವಾಗಿಯೂ ಕಾಪುವಿಗೆ ಹೋದೆ. ಅಮ್ಮ ಗಟ್ಟಿಮುಟ್ಟಾಗಿ ಎಂದಿನಂತೆ ಕಾರ್ಕಳಕ್ಕೆ ಹೋಗಿ ಬರುತ್ತಿದ್ದಳು. ಯಾಕೆ ಬಂದೆ ಎಂದು ಕೇಳಲಿಲ್ಲ, ಮೀನು ಮಾತ್ರ ಸ್ವಲ್ಪ ಹೆಚ್ಚು ಉಳಿಸಿಕೊಂಡು ಬಂದಳು.

ಎರಡನೆಯ ದಿನ ಮಧ್ಯಾಹ್ನ ಮನೆಯ ಮುಂದೆ ಒಂದು ಕಾರು ನಿಂತಿತು. ದಾರಿ ಕೇಳಿಕೊಂಡು ಬಂದಿದ್ದ ಮೇಡಂ ಇಳಿದರು. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಮೂಸಂಬಿಯ ಚೀಲ. "ತಾಯಿ ಹೇಗೆ ಇದ್ದಾರೆ?" ಎಂದು ಪುಸ್ತಕದ ಕನ್ನಡದಲ್ಲಿ ಕೇಳುತ್ತ ಒಳಗೆ ಬಂದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಮಲಗಿದ್ದಾರೆ ಎನ್ನಲೇ? ಯಾವ ಕೋಣೆಯಲ್ಲಿ? ಆಸ್ಪತ್ರೆಗೆ ಹೋಗಿದ್ದಾರೆ ಎನ್ನಲೇ? ಯೋಚಿಸುತ್ತಿರುವಾಗಲೇ ಅಮ್ಮ ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ದಾರಿಯಲ್ಲಿ ಯಾರಿಗೋ ಜೋರಾಗಿ ಬೈಯುತ್ತ, ಅಂಗಳಕ್ಕೆ ಬಂದಳು.

ಮೇಡಂ ಎದ್ದು ಹೋಗಿ ಅಮ್ಮನ ಹಣೆಗೆ ಅಂಗೈ ಇಟ್ಟು ನೋಡಿದರು. ಅಮ್ಮ ಬುಟ್ಟಿ ಇಳಿಸದೆ ನಿಂತು, ಮೇಡಂನ ಹೊಟ್ಟೆ ನೋಡಿದಳು, ಬ್ರೆಡ್ಡು ನೋಡಿದಳು, ಕೊನೆಗೆ ನನ್ನ ಮುಖ ನೋಡಿದಳು. ಸಂತೆಯಲ್ಲಿ ಮೂವತ್ತು ವರ್ಷ ಗಿರಾಕಿಗಳ ಮುಖ ಓದಿದ ಹೆಂಗಸು.

"ಜ್ವರ ನಿನ್ನೆ ಬಿಟ್ಟಿತು ಅಮ್ಮಾ" ಎಂದು ಕನ್ನಡದಲ್ಲಿ ಹೇಳಿ, ಎರಡು ಸಲ ಕೆಮ್ಮಿದಳು. "ನಮಗೆಲ್ಲ ಮಲಗಿದ್ರೆ ಆಗ್ತದಾ? ನೀವು ಕೂತ್ಕೊಳ್ಳಿ. ಎಷ್ಟು ತಿಂಗಳು?"

ನನಗೆ ನಗುವೂ ಬಂತು, ಅಳುವೂ ಬಂತು. ಅಮ್ಮ ಎಳನೀರು ಕೆತ್ತಿ ಕೊಟ್ಟಳು. ಮೇಡಂ ಕುಡಿದು, ಮೂಲೆಯಲ್ಲಿದ್ದ ನನ್ನ ಚೀಲ ಕಂಡು, ಕೇಳುವ ಮೊದಲೇ ಗೊಂಬೆಯನ್ನು ಹೊರತೆಗೆದರು. ಕಣ್ಣಿಲ್ಲದ ಮುಖ ಸವರಿ ಮುದ್ದಿಸಿದರು. ಆಮೇಲೆ ಟೊಪ್ಪಿ ಸಿಕ್ಕಿತು. ಕಡ್ಡಿ ಅದರಲ್ಲೇ ಇತ್ತು, ಎಂಟು ಕುಣಿಕೆ ಅದರ ಮೇಲೆ. ಅವರು ಖುಷಿಯಿಂದ ನಕ್ಕು, ಕಡ್ಡಿ ಸಮೇತ ಆ ಟೊಪ್ಪಿಯನ್ನು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡರು.

ನಾನು ಕಿತ್ತುಕೊಂಡೆ. ಬೇರೆ ಪದವಿಲ್ಲ. "ಬೇಡ, ಇಡ್ಬೇಡಿ!" ಎಂದು ಕಿರುಚಿ ಅವರ ಕೈಯಿಂದ ಕಿತ್ತುಕೊಂಡೆ. ಕಡ್ಡಿ ಜಾರಿ ನೆಲಕ್ಕೆ ಬಿತ್ತು.

ಮೇಡಂ ಮುಖ ಬಿಳಿಚಿತು. "ಅಕ್ಕ, ನಿಮಗೆ ಇಷ್ಟ ಇಲ್ಲ ಎಂದು ಹೇಳಬೇಕಿತ್ತು. ನಾನು ಕೇಳುತ್ತಿರಲಿಲ್ಲ" ಎಂದರು. ಕಣ್ಣು ತುಂಬಿತ್ತು. ನಾನು ಬಗ್ಗಿ ಕಡ್ಡಿ ಎತ್ತಿಕೊಂಡೆ. ಅವರು ಅಮ್ಮನಿಗೆ ಕೈ ಮುಗಿದು ಕಾರು ಹತ್ತಿದರು.

ಕಾರು ತಿರುವು ದಾಟಿದ ಮೇಲೆ ಅಮ್ಮ ನನ್ನ ಕಡೆ ತಿರುಗಿದಳು. ನಾವು ಆಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿನಗೆ ಎಂತ ಮರುಳಾ? ಬಸುರಿ ಹೆಂಗಸಿನ ಕೈಯಿಂದ ಎಳ್ಕೊಳ್ಳುದಾ?"

"ಹುಟ್ಟುವ ಮೊದಲು ಎಂತದೂ ಮಾಡ್ಬಾರ್ದು ಅಂತ ನೀನೇ ಹೇಳಿದ್ದಲ್ವಾ?" ಎಂದು ನಾನೂ ಕೂಗಿದೆ. ಕೂಗುತ್ತ ಕೂಗುತ್ತ ಎಲ್ಲವೂ ಹೊರಗೆ ಬಂತು. "ನಾನು ಆಗ ಮಾಡಿದ್ದೆ ಅಮ್ಮ. ನೀನು ಕಾರ್ಕಳಕ್ಕೆ ಹೋದಾಗ ಕದ್ದು ಮಾಡಿದ್ದೆ. ಒಂದು ಟೊಪ್ಪಿ."

ಅಮ್ಮ ಬುಟ್ಟಿ ತೊಳೆಯಲು ನೀರು ಎತ್ತಿದವಳು ಚೆಂಬು ಕೆಳಗಿಟ್ಟಳು.

"ಹಳದಿಯದ್ದು ಅಲ್ವಾ?" ಎಂದಳು.

ನಾನು ಜಗಲಿಯ ಮೇಲೆ ಕೂತೆ.

"ಆ ದಿನ ಆಸ್ಪತ್ರೆಗೆ ನಿನ್ನ ಸೀರೆ ತಕೊಂಡು ಹೋಗ್ಲಿಕ್ಕೆ ಬಂದಿದ್ದೆ. ಟ್ರಂಕಿನ ಅಡಿಯಲ್ಲಿ ಸಿಕ್ಕಿತು."

"ಸುಟ್ಟು ಹಾಕಿದಿಯಾ?"

"ಸುಡುದು ಯಾಕೆ? ತಕೊಂಡು ಹೋದೆ. ಮಗುವನ್ನು ತೊಳೆದು, ನನ್ನ ಸೀರೆಯ ತುಂಡು ಸುತ್ತಿದೆ. ತಲೆ ತಣ್ಣಗಿತ್ತು. ಟೊಪ್ಪಿ ಇತ್ತು. ಹಾಕಿದೆ."

ಅವಳು ಮೀನಿನ ದರ ಹೇಳುವ ದನಿಯಲ್ಲೇ ಇದನ್ನು ಹೇಳಿದಳು. ನಾನು ಅತ್ತೆ, ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಎದುರಿಗೆ. ಅತ್ತು ಮುಗಿದ ಮೇಲೆ, ಕೇಳಬೇಕಾದ್ದನ್ನು ಕೇಳಿದೆ. "ನನ್ನಿಂದಲೇ ಆದದ್ದಾ ಅಮ್ಮ?"

"ನನಗೆ ಎಂತ ಗೊತ್ತು ಮಗಾ. ಎಲ್ಲರೂ ಹೇಳ್ತಾರೆ, ನಾನೂ ಹೇಳಿದೆ. ನಿನಗಿಂತ ಮೊದಲಿನದ್ದಕ್ಕೆ ನಾನು ಒಂದು ಚಿಂದಿಯೂ ಎತ್ತಿಡಲಿಲ್ಲ, ಅದು ಉಳೀಲಿಲ್ಲ. ನಿನಗೂ ಎತ್ತಿಡಲಿಲ್ಲ, ನೀನು ಕೂತಿದ್ದೀಯಲ್ಲ ಇಲ್ಲಿ, ನನ್ನ ಜ್ವರದ ಸುದ್ದಿ ಊರಿಗೆಲ್ಲ ಹೇಳಿಕೊಂಡು."

ನನಗಿಂತ ಮೊದಲು ಒಂದು ಇತ್ತೆಂದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಇದನ್ನು ಕೇಳಿ ಸಮಾಧಾನವಾಯಿತೇ? ಹೌದೆಂದರೆ ಅದೂ ಸುಳ್ಳಾಗುತ್ತದೆ. ತಪ್ಪು ನನ್ನದಲ್ಲ ಎಂದು ಅವಳು ಹೇಳಿರಲಿಲ್ಲ. ನನ್ನದೇ ಎಂದೂ ಹೇಳಿರಲಿಲ್ಲ. ಬೈಗುಳವೆಂದು ನಾನು ನಾಲ್ಕು ವರ್ಷ ಹೊತ್ತ ಮೌನ ಬೈಗುಳವಾಗಿರಲಿಲ್ಲ, ಅಷ್ಟು ಮಾತ್ರ ತಿಳಿಯಿತು. ಉಳಿದದ್ದು ಮೊದಲಿನಷ್ಟೇ ಗೋಜಲಾಗಿತ್ತು.

ಕಡ್ಡಿ ಜಾರಿದ್ದರೂ ಎಂಟು ಕುಣಿಕೆಯೂ ಬಿಚ್ಚಿರಲಿಲ್ಲ. ಅಲ್ಲೇ ಜಗಲಿಯಲ್ಲಿ ಕೂತು, ಬೆಳಕಿರುವಾಗಲೇ, ದಾರ ತೂರಿಸಿ ಎಳೆದೆ. ನೆತ್ತಿ ಮುಚ್ಚಿತು. ಆಮೇಲೆ ಗೊಂಬೆಯನ್ನೂ ಎರಡು ಗುಂಡುಸೂಜಿಯನ್ನೂ ಅಮ್ಮನ ಕೈಗೆ ಕೊಟ್ಟು, "ಕಣ್ಣು ಎಲ್ಲಿ ಹಾಕ್ಲಿ? ನನಗೆ ಗೊತ್ತಾಗುದಿಲ್ಲ" ಎಂದೆ. ಅವಳು ತಡಮಾಡದೆ ಚುಚ್ಚಿದಳು. ಗೊಂಬೆಯನ್ನು ದೂರ ಹಿಡಿದು ನೋಡಿದಳು. ಒಂದು ಸೂಜಿ ಕಿತ್ತು, ಸ್ವಲ್ಪ ಆಚೆಗೆ ಚುಚ್ಚಿ ಕೊಟ್ಟಳು. ಯಾರ ಅಳತೆ ಎಂದು ನಾನು ಕೇಳಲಿಲ್ಲ. ಅಲ್ಲೇ ಹೊಲಿದೆ.

ಮರುದಿನ ಮಣಿಪಾಲಕ್ಕೆ ಹೋಗಿ ಎಲ್ಲವನ್ನೂ ಕೊಟ್ಟೆ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಉಳಿದದ್ದು ಕೈಸನ್ನೆಯಲ್ಲಿ, ನಿಜ ಹೇಳಿದೆ. ಮೇಡಂ ಎಷ್ಟು ಅರ್ಥ ಮಾಡಿಕೊಂಡರೋ ತಿಳಿಯದು. ಟೊಪ್ಪಿಯನ್ನು ಹೊಟ್ಟೆಯ ಮೇಲೆ ಇಡಲಿಲ್ಲ, ನನ್ನ ಎದುರಿಗೆ ಪೆಟ್ಟಿಗೆಯ ತಳದಲ್ಲಿ ಇಟ್ಟರು. ಆಮೇಲಿನ ತಿಂಗಳುಗಳಲ್ಲಿ ಪ್ರತಿ ದಿನ ಪೋಸ್ಟಿನವನ ದಾರಿ ಕಾದೆ. ಅವನು ಬಂದರೆ ಹೆದರಿಕೆ, ಬಾರದಿದ್ದರೂ ಹೆದರಿಕೆ. ಕಂಡಕ್ಟರ್ ಗಂಡ, "ಟಿಕೆಟ್ ಕಳಕೊಂಡವರ ಹಾಗೆ ಯಾಕೆ ನಿಂತಿದ್ದೀ?" ಎನ್ನುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಲಕೋಟೆ ಬಂತು. ಒಳಗೊಂದು ಫೋಟೊ. ದಪ್ಪ ಕೆನ್ನೆಯ, ಬೋಳು ತಲೆಯ ಒಂದು ಗಂಡುಮಗು ಬಾಯಿ ತೆರೆದು ಅಳುತ್ತಿತ್ತು. ಪಕ್ಕದಲ್ಲಿ ಗೊಂಬೆ. ಬಿಳಿ ಟೊಪ್ಪಿ ಗೊಂಬೆಯ ತಲೆಯ ಮೇಲಿತ್ತು, ಕಣ್ಣಿನವರೆಗೆ ಇಳಿದು. ಮಗುವಿನ ತಲೆ ದೊಡ್ಡದು, ಮೊದಲ ದಿನವೇ ಟೊಪ್ಪಿ ಹಿಡಿಸಲಿಲ್ಲ, ಕ್ಷಮಿಸಿ ಎಂದು ಮೇಡಂ ಫೋಟೊದ ಹಿಂದೆ ಬರೆದಿದ್ದರು. ಓದಿ ಬಾಗಿಲಲ್ಲೇ ಕುಸಿದು ಕೂತು ನಕ್ಕೆ.

ಆ ವಾರವೇ ಕಾಪುವಿಗೆ ಹೋಗಿ ಅಮ್ಮನಿಗೆ ತೋರಿಸಿದೆ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋಟೊ ಹಿಡಿದು ತುಂಬಾ ಹೊತ್ತು ನೋಡಿದಳು, ಮಗುವನ್ನಲ್ಲ, ಗೊಂಬೆಯನ್ನು.

"ಇವನಿಗೆ ಸಣ್ಣ ಆಯ್ತು" ಎಂದಳು. "ನಮ್ಮದಕ್ಕೆ ಸರಿಯಾಗಿತ್ತು."